ಏಳು ಮೈಲಿ ಎತ್ತರದಲ್ಲಿ ಉಸಿರು

ಮುಂಬಯಿಯ ಮಕ್ಕಳಿಗೆ ವಿಮಾನವು ಆಶ್ಚರ್ಯದ ವಸ್ತುವಾಗಿ ಉಳಿದಿಲ್ಲ. ಕುರ್ಲಾ, ಘಾಟಕೋಪರಗಳ ಕಡೆಯಿಂದ ನಮ್ಮ ಶಾಲೆಗೆ ಬರುವ ಬಾಲಕ ಬಾಲಕಿಯರ ಮನೆಗಳ ಮೇಲೆಯೇ ಅದು ಗಳಿಗೆಗೊಮ್ಮೆ ಇಳಿದು ಹೋಗುತ್ತದೆ. ಅದರ ಹೊಟ್ಟೆಯ ಕೆಳಗಿನ ಗಾಲಿಗಳನ್ನು ಎಣಿಸಿ ಹೇಳಬಲ್ಲವರು ಆರನೆಯ ತರಗತಿಯಲ್ಲಿಯೇ ಇದ್ದಾರೆ. ಅಂಥವರಲ್ಲೊಬ್ಬರು ವಿಜ್ಞಾನದ ಪಾಠದ ನಡುವೆ ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. ನಾವು ದಿನವೂ ಬರುವ ಲೋಕಲ್ ಗಾಡಿಯಲ್ಲಿ ಬಾಗಿಲೇ ತೆರೆದಿರುತ್ತದೆ. ವಿಮಾನದಲ್ಲಿ ಕಿಟಕಿಯನ್ನಾದರೂ ಏಕೆ ತೆರೆಯಗೊಡುವುದಿಲ್ಲ?

"ಮೇಲೆ ಗಾಳಿ ಇಲ್ಲ" ಎಂದು ತರಗತಿಯ ಉಳಿದವರು ಒಂದೇ ದನಿಯಲ್ಲಿ ಉತ್ತರಿಸಿದರು. ದೊಡ್ಡವರೂ ಬಹುಮಟ್ಟಿಗೆ ಹೀಗೆಯೇ ಹೇಳುತ್ತಾರೆ. ಆದರೆ ತುಸು ಯೋಚಿಸಿ ನೋಡಿ. ಗಾಳಿಯೇ ಇಲ್ಲದಿದ್ದರೆ ವಿಮಾನದ ರೆಕ್ಕೆಗೆ ಆಧಾರವೆಲ್ಲಿ? ಅದರ ಯಂತ್ರದೊಳಗೆ ಇಂಧನ ಉರಿಯುವುದಾದರೂ ಹೇಗೆ? ವಿಮಾನವು ಹಾರುತ್ತಿದೆಯೆಂಬುದೇ ಅಲ್ಲಿ ಗಾಳಿ ಇದೆಯೆಂಬುದಕ್ಕೆ ಸಾಕ್ಷಿ. ಗಾಳಿ ಇದೆ; ಆ ಗಾಳಿಯಲ್ಲಿ ಆಮ್ಲಜನಕವೂ ಇದೆ. ನೂರಕ್ಕೆ ಇಪ್ಪತ್ತೊಂದು ಪಾಲು ಇಲ್ಲಿರುವಂತೆಯೇ ಅಲ್ಲಿಯೂ ಇದೆ. ಹೀಗಿದ್ದೂ ಆ ಗಾಳಿಯನ್ನು ಉಸಿರಾಡಿದ ಮನುಷ್ಯನು ಒಂದು ನಿಮಿಷದೊಳಗೆ ಎಚ್ಚರ ತಪ್ಪುತ್ತಾನೆ. ಇಲ್ಲದಿರುವುದು ಗಾಳಿಯಲ್ಲ, ಗಾಳಿಯ ಒತ್ತಡ. ಈ ಎರಡಕ್ಕೂ ಇರುವ ಭೇದವನ್ನು ತಿಳಿಯಬೇಕಾದರೆ ಗಾಳಿಯ ತೂಕದಿಂದ ಪ್ರಾರಂಭಿಸಬೇಕಾಗುತ್ತದೆ.

ನಾವೆಲ್ಲರೂ ಗಾಳಿಯ ಒಂದು ಮಹಾಸಾಗರದ ತಳದಲ್ಲಿ ವಾಸವಾಗಿದ್ದೇವೆ. ನಮ್ಮ ತಲೆಯ ಮೇಲಿನ ಗಾಳಿಗೆ ಭಾರವಿದೆ; ಆ ಭಾರವನ್ನು ಅಳೆಯುವ ಉಪಾಯವನ್ನು ಇಟಲಿಯ ಟಾರಿಚೆಲ್ಲಿ ಎಂಬ ವಿದ್ವಾಂಸನು ೧೬೪೩ರ ಸುಮಾರಿಗೆ ಕಂಡುಹಿಡಿದನು. ಪಾದರಸ ತುಂಬಿದ ಗಾಜಿನ ಕೊಳವೆಯನ್ನು ಪಾದರಸದ ಬಟ್ಟಲಿನಲ್ಲಿ ತಲೆಕೆಳಗಾಗಿ ನಿಲ್ಲಿಸಿದರೆ, ಸಮುದ್ರಮಟ್ಟದಲ್ಲಿ ಅದು ಸುಮಾರು ೭೬೦ ಮಿಲಿಮೀಟರಿನಷ್ಟು ಎತ್ತರಕ್ಕೆ ನಿಲ್ಲುತ್ತದೆ. ಹೊರಗಿನ ಗಾಳಿಯು ಬಟ್ಟಲಿನ ಪಾದರಸವನ್ನು ಒತ್ತಿ ಕೊಳವೆಯಲ್ಲಿ ಅಷ್ಟನ್ನು ಎತ್ತಿ ಹಿಡಿದಿರುತ್ತದೆ. ಐದು ವರ್ಷಗಳ ತರುವಾಯ, ೧೬೪೮ರಲ್ಲಿ, ಫ್ರಾನ್ಸಿನ ಪಾಸ್ಕಲನು ತನ್ನ ಭಾವನಾದ ಪೆರಿಯೇ ಎಂಬಾತನಿಂದ ಇಂತಹ ಕೊಳವೆಯನ್ನು ಪ್ಯೂಯಿ ದ ಡೋಮ್ ಎಂಬ ಬೆಟ್ಟದ ನೆತ್ತಿಗೆ ಹೊರಿಸಿದನು. ಬೆಟ್ಟದ ಬುಡಕ್ಕಿಂತ ನೆತ್ತಿಯಲ್ಲಿ ಪಾದರಸವು ಮೂರು ಅಂಗುಲಗಳಷ್ಟು ತಗ್ಗಿತು. ಮೇಲಕ್ಕೆ ಹೋದಂತೆ ನಮ್ಮ ತಲೆಯ ಮೇಲಿರುವ ಗಾಳಿ ಕಡಿಮೆಯಾಗುವುದರಿಂದ ಅದರ ಭಾರವೂ ಕಡಿಮೆಯಾಗಲೇಬೇಕಲ್ಲವೆ?

ಈ ಭಾರವು ಅಲ್ಪವಲ್ಲ. ಸಮುದ್ರಮಟ್ಟದಲ್ಲಿ ಪ್ರತಿಯೊಂದು ಚದರ ಸೆಂಟಿಮೀಟರಿನ ಮೇಲೂ ಒಂದು ಕಿಲೋಗ್ರಾಮಿಗಿಂತ ತುಸು ಹೆಚ್ಚು. ನೀವು ಚಾಚಿದ ಅಂಗೈಯ ಮೇಲೆ ಒಂದು ಕ್ವಿಂಟಲು ಅಕ್ಕಿಯ ಭಾರ ಕೂತಿದೆಯೆಂದಾಯಿತು. ಅಂಗೈಯ ಕೆಳಗಿನಿಂದಲೂ, ಮೈಯ ಒಳಗಿನಿಂದಲೂ ಅಷ್ಟೇ ಒತ್ತಡವಿರುವ ಕಾರಣ ನಮಗೆ ಅದರ ಅರಿವಾಗದು.

ಇನ್ನು ಏರುತ್ತ ಹೋಗೋಣ. ಸಮುದ್ರದ ಅಂಚಿನ ಮುಂಬಯಿಯಲ್ಲಿ ೭೬೦ ಮಿಲಿಮೀಟರು ಇರುವ ಪಾದರಸ, ೯೨೦ ಮೀಟರು ಎತ್ತರದ ಬೆಂಗಳೂರಿನಲ್ಲಿ ೬೮೦ರ ಸುಮಾರಿಗೆ ಇಳಿಯುತ್ತದೆ, ಉದಕಮಂಡಲದಲ್ಲಿ ೫೮೦. ಐದೂವರೆ ಸಾವಿರ ಮೀಟರಿನಲ್ಲಿ ಅದು ಸರಿಯಾಗಿ ಅರ್ಧ, ೩೮೦. ದೊಡ್ಡ ವಿಮಾನಗಳು ಸಂಚರಿಸುವ ಹನ್ನೊಂದು ಸಾವಿರ ಮೀಟರಿನಲ್ಲಿ, ಎಂದರೆ ಸುಮಾರು ಏಳು ಮೈಲಿಯಲ್ಲಿ, ಉಳಿಯುವುದು ೧೭೦ ಮಾತ್ರ. ಅಲ್ಲಿಯ ಚಳಿ ಸೊನ್ನೆಗಿಂತ ೫೬ ಡಿಗ್ರಿ ಕೆಳಗೆ. ಇಂತಹ ಸ್ಥಳಕ್ಕೆ ಹೋಗುವುದಾದರೂ ಏಕೆಂದರೆ, ತೆಳುವಾದ ಗಾಳಿಯು ವಿಮಾನವನ್ನು ಕಡಿಮೆ ತಡೆಯುತ್ತದೆ. ಇಂಧನ ಉಳಿಯುತ್ತದೆ, ವೇಗ ಹೆಚ್ಚುತ್ತದೆ, ಮಳೆಮೋಡಗಳು ಬಹುಪಾಲು ಕೆಳಗೇ ಉಳಿಯುತ್ತವೆ. ಯಂತ್ರಕ್ಕೆ ಹಿತವಾದ ಎತ್ತರವು ಮನುಷ್ಯನಿಗೆ ಮಾರಕವಾಗಿದೆ, ತೊಡಕಿರುವುದು ಇಲ್ಲಿಯೇ.

ಆಮ್ಲಜನಕದ ಪಾಲು ಬದಲಾಗದಿದ್ದರೂ ಅದು ಸಾಲದೆ ಹೋಗುವುದು ಹೇಗೆ ಎಂಬುದನ್ನು ನಮ್ಮ ಲೋಕಲ್ ಗಾಡಿಯಿಂದಲೇ ತಿಳಿಯಬಹುದು. ಬೆಳಗಿನ ಒಂಬತ್ತು ಗಂಟೆಯ ಗಾಡಿಯ ಒಂದು ಡಬ್ಬಿಯಲ್ಲಿ ಐನೂರು ಜನರಿದ್ದು, ಅವರಲ್ಲಿ ನೂರಕ್ಕೆ ಇಪ್ಪತ್ತೊಂದು ಮಂದಿ ವಿದ್ಯಾರ್ಥಿಗಳೆಂದುಕೊಳ್ಳೋಣ. ದಾದರಿನಲ್ಲಿ ಬಾಗಿಲಿನ ಕಡೆಗೆ ಎಂತಹ ನೂಕುನುಗ್ಗಲು! ಇಳಿಯುವ ಮನಸ್ಸಿಲ್ಲದವನೂ ಹೊರಗೆ ಬಂದು ಬೀಳುತ್ತಾನೆ. ಮಧ್ಯಾಹ್ನದ ಗಾಡಿಯಲ್ಲಿ ನೂರೇ ಜನ. ವಿದ್ಯಾರ್ಥಿಗಳ ಪಾಲು ಆಗಲೂ ನೂರಕ್ಕೆ ಇಪ್ಪತ್ತೊಂದೇ. ಆದರೆ ಅವರನ್ನು ಹೊರಕ್ಕೆ ತಳ್ಳುವ ನೂಕು ಎಲ್ಲಿದೆ? ಶ್ವಾಸಕೋಶದಲ್ಲಿ ಆಗುವುದೂ ಬಹುಮಟ್ಟಿಗೆ ಹೀಗೆಯೇ. ಅಲ್ಲಿರುವ ಕೋಟಿಗಟ್ಟಲೆ ಕಿರುಚೀಲಗಳ ತೆಳ್ಳನೆಯ ಗೋಡೆಯ ಒಂದು ಬದಿಗೆ ಗಾಳಿ, ಇನ್ನೊಂದು ಬದಿಗೆ ರಕ್ತ. ಗಾಳಿಯ ಕಡೆಯ ಆಮ್ಲಜನಕದ ಒತ್ತಡ ಹೆಚ್ಚಾಗಿದ್ದರೆ ಅದು ರಕ್ತಕ್ಕೆ ದಾಟುತ್ತದೆ. ದಾಟಿಸುವ ಬೇರೆ ಯಾವ ಯಂತ್ರವೂ ದೇಹದಲ್ಲಿಲ್ಲ.

ಲೆಕ್ಕವನ್ನು ಸ್ವಲ್ಪ ಮಾಡಿ ನೋಡೋಣ. ಒಂಬತ್ತನೆಯ ತರಗತಿಯವರಿಗೆ ಇದು ಕಷ್ಟವಲ್ಲ. ಒಳಗೆ ಹೋದ ಗಾಳಿಯೊಡನೆ ಮೈಯ ತೇವವು ಆವಿಯಾಗಿ ಬೆರೆಯುತ್ತದೆ. ಈ ಆವಿಯ ಒತ್ತಡ ೪೭ ಮಿಲಿಮೀಟರು. ನಮ್ಮ ಮೈಯ ಬಿಸಿ ಎಲ್ಲೆಡೆಯೂ ಒಂದೇ ಆದ್ದರಿಂದ ಮುಂಬಯಿಯಲ್ಲಾಗಲಿ, ಮುಗಿಲಿನಲ್ಲಾಗಲಿ ಈ ೪೭ನ್ನು ಮೊದಲು ತೆಗೆದಿಡಬೇಕು. ಮುಂಬಯಿಯಲ್ಲಿ ೭೬೦ರಿಂದ ೪೭ ಕಳೆದು ಉಳಿದುದರ ನೂರಕ್ಕೆ ೨೧ ಪಾಲೆಂದರೆ ೧೫೦. ರಕ್ತದಿಂದ ಹೊರಬರುವ ಅಂಗಾರಾಮ್ಲವೂ ಅಲ್ಲಿ ಸ್ಥಳ ಹಿಡಿಯುವುದರಿಂದ ಕಡೆಗೆ ಆಮ್ಲಜನಕಕ್ಕೆ ೧೦೦ರ ಸುಮಾರು ಉಳಿಯುತ್ತದೆ. ದೇಹವನ್ನೆಲ್ಲ ಸುತ್ತಿ, ಆಮ್ಲಜನಕವನ್ನು ಹಂಚಿ, ಬಳಲಿ ಹಿಂದಿರುಗಿದ ರಕ್ತದಲ್ಲಿ ೪೦ರ ಒತ್ತಡವಿರುತ್ತದೆ. ೧೦೦ರಿಂದ ೪೦ರ ಕಡೆಗೆ ಆಮ್ಲಜನಕ ಹರಿಯುತ್ತದೆ. ನಾವು ಬದುಕಿರುವುದು ಈ ಇಳಿಜಾರಿನಿಂದ.

ಹನ್ನೊಂದು ಸಾವಿರ ಮೀಟರಿನಲ್ಲಿ ಏನಾಗುತ್ತದೆ? ೧೭೦ರಿಂದ ೪೭ ಹೋದರೆ ೧೨೩. ಅದರ ನೂರಕ್ಕೆ ೨೧ ಪಾಲು ೨೬. ಅಂಗಾರಾಮ್ಲದ ಮಾತನ್ನು ಎತ್ತದೆಯೇ ೨೬! ರಕ್ತದಲ್ಲಿಯೋ ೪೦ ಇದೆ. ಈಗ ಇಳಿಜಾರು ತಿರುಗಿತು. ಗಾಳಿಯಿಂದ ರಕ್ತಕ್ಕೆ ಹರಿಯಬೇಕಾದ ಆಮ್ಲಜನಕವು ರಕ್ತದಿಂದಲೇ ಗಾಳಿಗೆ ಹರಿದುಹೋಗುತ್ತದೆ. ಉಸಿರಾಡಿದಷ್ಟೂ ಉಸಿರು ಬರಿದಾಗುತ್ತದೆ. ನೆಲದ ಮೇಲೆ ಉಸಿರು ಬಿಗಿಹಿಡಿದು ಒಂದು ನಿಮಿಷ ಕೂಡುವ ಹುಡುಗರು ನಮ್ಮಲ್ಲಿ ಅನೇಕರಿದ್ದಾರೆ, ಅವರಿಗೇನೂ ಆಗುವುದಿಲ್ಲ. ಆ ಎತ್ತರದಲ್ಲಿ ಆರೋಗ್ಯವಂತನಾದ ಮನುಷ್ಯನಿಗೆ ತಿಳಿವಳಿಕೆಯಿಂದ ಕೆಲಸ ಮಾಡಲು ಉಳಿಯುವ ಕಾಲವು ಮೂವತ್ತರಿಂದ ಅರವತ್ತು ಸೆಕೆಂಡುಗಳು ಮಾತ್ರ. ಈ ಭೇದಕ್ಕೆ ಕಾರಣವು ಈಗ ನಿಮಗೆ ಗೊತ್ತಾಗಿರಬೇಕು.

ಎವರೆಸ್ಟಿನ ನೆತ್ತಿಯನ್ನು ೧೯೭೮ರಲ್ಲಿ ಮೆಸ್ನರ್ ಮತ್ತು ಹಾಬೆಲರ್ ಎಂಬಿಬ್ಬರು ಆಮ್ಲಜನಕದ ಸಿಲಿಂಡರಿಲ್ಲದೆಯೇ ಏರಿ ಬಂದರಲ್ಲವೆ ಎಂದು ಕೇಳುವವರಿದ್ದಾರೆ. ನಿಜ. ಅವರು ವಾರಗಟ್ಟಲೆ ಹಂತಹಂತವಾಗಿ ಏರಿ ದೇಹವನ್ನು ಪಳಗಿಸಿದ್ದರು. ಎವರೆಸ್ಟಾದರೋ ಹನ್ನೊಂದು ಸಾವಿರವಲ್ಲ, ೮,೮೪೯ ಮೀಟರು. ವಿಮಾನದ ಪ್ರಯಾಣಿಕನು ಮುಂಬಯಿಯ ಉಪ್ಪುಗಾಳಿಯಿಂದ ಎದ್ದು ಅರ್ಧ ಗಂಟೆಯೊಳಗೆ ಅಷ್ಟು ಎತ್ತರದಲ್ಲಿರುತ್ತಾನೆ.

ಇಷ್ಟೆಲ್ಲಕ್ಕಿಂತಲೂ ಭಯಂಕರವಾದ ಸಂಗತಿ ಇನ್ನೊಂದಿದೆ. ಆಮ್ಲಜನಕ ಕಡಿಮೆಯಾದುದು ಮನುಷ್ಯನಿಗೆ ತಿಳಿಯುವುದಿಲ್ಲ. ನೀರಿನಲ್ಲಿ ಮುಳುಗಿದಾಗ ಎದೆ ಬಿಗಿದು ಒದ್ದಾಡುವಂತಾಗುವುದು ಅಂಗಾರಾಮ್ಲವು ಒಳಗೆ ಸಂಗ್ರಹವಾಗುವುದರಿಂದ. ಆಮ್ಲಜನಕ ತೀರಿದುದಕ್ಕಾಗಿ ಅಲ್ಲ. ಎತ್ತರದಲ್ಲಿ ಅಂಗಾರಾಮ್ಲವು ಉಸಿರಿನೊಡನೆ ಸರಾಗವಾಗಿ ಹೊರಗೆ ಹೋಗುತ್ತಿರುತ್ತದೆ. ಆದುದರಿಂದ ಒದ್ದಾಟವಿಲ್ಲ, ನೋವಿಲ್ಲ. ಬೆರಳುಗಳು ಜುಮ್ಮೆನ್ನಬಹುದು, ಕಣ್ಣು ಮಸಕಾಗಬಹುದು. ಅನೇಕರಿಗೆ ಕಾರಣವಿಲ್ಲದ ಉಲ್ಲಾಸವೂ ಬರುವುದುಂಟು. ಮಿದುಳು ಮೊದಲು ಕಳೆದುಕೊಳ್ಳುವುದು ವಿವೇಚನೆಯನ್ನು. ತಾನು ತಪ್ಪುತ್ತಿದ್ದೇನೆಂದು ತಿಳಿಯಬೇಕಾದ ಮಿದುಳೇ ತಪ್ಪುತ್ತಿರುವಾಗ ಎಚ್ಚರಿಸುವವರು ಯಾರು?

ಇದನ್ನು ಲೋಕವು ಬೆಲೂನಿನ ಕಾಲದಲ್ಲಿಯೇ ಪ್ರಾಣ ತೆತ್ತು ಕಲಿಯಿತು. ೧೮೬೨ರ ಸೆಪ್ಟೆಂಬರ್ ೫ರಂದು ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ನಿನಿಂದ ಗ್ಲೇಷರ್ ಎಂಬ ಹವಾಮಾನ ಶಾಸ್ತ್ರಜ್ಞನೂ, ಕಾಕ್ಸ್‌ವೆಲ್ ಎಂಬ ಬೆಲೂನು ಚಾಲಕನೂ ಮೇಲಕ್ಕೆದ್ದರು. ಎಂಟು ಸಾವಿರ ಮೀಟರು ದಾಟಿದ ಮೇಲೆ ಗ್ಲೇಷರನಿಗೆ ವಾಯುಭಾರಮಾಪಕದ ಗೆರೆಗಳು ಕಾಣದಾದುವು, ಕೈ ಏಳದಾಯಿತು, ತಲೆ ವಾಲಿತು, ಎಚ್ಚರ ತಪ್ಪಿತು. ಕಾಕ್ಸ್‌ವೆಲ್ಲನ ಕೈಗಳು ಚಳಿಗೆ ಮರಗಟ್ಟಿದ್ದುವು. ಆತನು ಅನಿಲವನ್ನು ಹೊರಬಿಡುವ ಹಗ್ಗವನ್ನು ಹಲ್ಲಿನಿಂದ ಕಚ್ಚಿ ಎಳೆದು ಬೆಲೂನನ್ನು ಕೆಳಕ್ಕೆ ತಂದನು. ಎಚ್ಚೆತ್ತ ಗ್ಲೇಷರನು ಮತ್ತೆ ಪೆನ್ಸಿಲು ಹಿಡಿದು ಅಳತೆಗಳನ್ನು ಬರೆಯತೊಡಗಿದನಂತೆ. ವಿಜ್ಞಾನಿಗಳ ಹಟವನ್ನು ನೋಡಿ!

ಹದಿಮೂರು ವರ್ಷಗಳ ತರುವಾಯ ನಡೆದುದು ಇಷ್ಟು ಸುಖಾಂತವಾಗಲಿಲ್ಲ. ೧೮೭೫ರ ಏಪ್ರಿಲ್ ೧೫ರಂದು ಪ್ಯಾರಿಸ್ಸಿನಿಂದ ಜೆನಿತ್ ಎಂಬ ಬೆಲೂನಿನಲ್ಲಿ ಟಿಸಾಂಡಿಯೇ, ಕ್ರೋಸೆ ಸ್ಪಿನೆಲ್ಲಿ, ಸಿವೆಲ್ ಎಂಬ ಮೂವರು ಹೊರಟರು. ಇವರು ತಿಳಿಯದವರಲ್ಲ. ವಾಯುವಿನ ಒತ್ತಡವು ಪ್ರಾಣಿಗಳ ಮೇಲೆ ಮಾಡುವ ಪರಿಣಾಮವನ್ನು ಕುರಿತು ಆಳವಾಗಿ ಪರಿಶೋಧಿಸಿದ್ದ ಪಾಲ್ ಬೇರ್ ಎಂಬ ವಿದ್ವಾಂಸನ ಪ್ರಯೋಗಶಾಲೆಯ ಕಬ್ಬಿಣದ ಕೋಣೆಯಲ್ಲಿ ಕುಳಿತು, ಒತ್ತಡ ತಗ್ಗಿದಾಗ ಆಮ್ಲಜನಕ ಎಳೆದುಕೊಂಡರೆ ಎಚ್ಚರ ಮರಳುವುದನ್ನು ಅವರಲ್ಲಿಬ್ಬರು ಸ್ವತಃ ಅನುಭವಿಸಿದ್ದರು. ಆಮ್ಲಜನಕ ತುಂಬಿದ ಚೀಲಗಳನ್ನು ಜೊತೆಗೆ ಒಯ್ದಿದ್ದರು. ಅಷ್ಟು ಸಾಲದೆಂದು ಬೇರನು ಬರೆದ ಕಾಗದವು ಅವರಿಗೆ ಸಕಾಲದಲ್ಲಿ ತಲುಪಲಿಲ್ಲ. ಸಂಗ್ರಹ ಸ್ವಲ್ಪವೆಂದು ತೀರ ಅವಶ್ಯವಾದಾಗ ಮಾತ್ರ ಬಳಸಬೇಕೆಂದು ಅವರು ಕಾದರು. ಆದರೆ ಅವಶ್ಯವಾದ ಗಳಿಗೆಯು ಬಂದಾಗ ಅದನ್ನು ಗುರುತಿಸುವ ಬುದ್ಧಿಯಾಗಲಿ, ಕೊಳವೆಯನ್ನು ಬಾಯಿಗೆ ಎತ್ತಿಕೊಳ್ಳುವ ಬಲವಾಗಲಿ ಉಳಿದಿರಲಿಲ್ಲ. ಎಂಟು ಸಾವಿರ ಮೀಟರಿಗೆ ಬಂದೆವೆಂದು ಕೂಗಲು ಹೋದ ಟಿಸಾಂಡಿಯೇಗೆ ನಾಲಗೆ ಏಳಲಿಲ್ಲ. ನಡುವೆ ಎಚ್ಚೆತ್ತ ಕ್ರೋಸೆ ಸ್ಪಿನೆಲ್ಲಿಯು, ಇಳಿಯುತ್ತಿದ್ದ ಬೆಲೂನಿನಿಂದ ಭಾರವಾದ ಸಾಮಾನುಗಳನ್ನು ಎತ್ತಿ ಹೊರಗೆ ಎಸೆದನು. ಬೆಲೂನು ಮತ್ತೆ ಮೇಲಕ್ಕೆ ನೆಗೆಯಿತು. ಪ್ರಾಣ ಉಳಿಸಬೇಕಾದ ಹೊತ್ತಿನಲ್ಲಿ ಪ್ರಾಣ ತೆಗೆಯುವ ಕೆಲಸವನ್ನೇ ಆ ಮಂಕಾದ ಬುದ್ಧಿಯು ಮಾಡಿಸಿತು. ಬೆಲೂನು ಕೆಳಕ್ಕೆ ಬಂದಾಗ ಜೀವದಿಂದಿದ್ದವನು ಟಿಸಾಂಡಿಯೇ ಒಬ್ಬನೇ. ಆತನ ಕಿವಿಗಳು ಕೆಟ್ಟುಹೋಗಿದ್ದುವು. ತನಗೆ ಯಾತನೆಯೇ ಆಗಲಿಲ್ಲವೆಂದೂ, ಬೆಳಕಿನಲ್ಲಿ ಮೀಯುತ್ತಿರುವಂತಹ ಸಂತೋಷವಾಗಿತ್ತೆಂದೂ ಆತನು ಅನಂತರ ಬರೆದಿಟ್ಟಿದ್ದಾನೆ.

ಈ ತೊಡಕಿಗೆ ಪರಿಹಾರ ಎರಡು ಬಗೆ. ಒಬ್ಬೊಬ್ಬರ ಮೂಗಿಗೂ ಆಮ್ಲಜನಕದ ಮುಖವಾಡವನ್ನು ಕಟ್ಟುವುದು ಒಂದು. ಎರಡನೆಯ ಮಹಾಯುದ್ಧದ ಬಹುಪಾಲು ವಿಮಾನಗಳಲ್ಲಿ ಸೈನಿಕರು ಹೀಗೆಯೇ ಹಾರಿದರು. ಆದರೆ ಮುಖವಾಡ ಕಟ್ಟಿಕೊಂಡು ಅಜ್ಜಿಯರೂ ಹಸುಗೂಸುಗಳೂ ಗಂಟೆಗಟ್ಟಲೆ ಕುಳಿತಿರಲಾದೀತೆ? ಉಣ್ಣುವುದು ಹೇಗೆ, ಮಲಗುವುದು ಹೇಗೆ? ಅದೂ ಅಲ್ಲದೆ ಆ ಉಪಾಯಕ್ಕೆ ಮೇಲಿನ ಮಿತಿಯಿದೆ. ಹನ್ನೆರಡು ಸಾವಿರ ಮೀಟರಿನ ಮೇಲೆ ಗಾಳಿಯ ಒಟ್ಟು ಒತ್ತಡವೇ ಎಷ್ಟು ಇಳಿದಿರುತ್ತದೆಂದರೆ, ಶುದ್ಧ ಆಮ್ಲಜನಕವನ್ನೇ ಕೊಟ್ಟರೂ ತಳ್ಳುವ ಬಲ ಸಾಲುವುದಿಲ್ಲ. ಹತ್ತೊಂಬತ್ತು ಸಾವಿರ ಮೀಟರಿನ ಹತ್ತಿರವಂತೂ ನೀರು ನಮ್ಮ ಮೈಯ ಬಿಸಿಗೇ ಕುದಿಯುತ್ತದೆ. ಅಲ್ಲಿಯ ಒತ್ತಡ ನಾವು ಮೊದಲೇ ಕಂಡ ೪೭ ಮಿಲಿಮೀಟರು.

ಎರಡನೆಯ ಉಪಾಯವೆಂದರೆ, ಮನುಷ್ಯನಿಗೆ ಮುಖವಾಡ ತೊಡಿಸುವುದರ ಬದಲು ವಿಮಾನದ ಒಡಲನ್ನೇ ಒತ್ತಡದ ಗಾಳಿಯಿಂದ ತುಂಬಿಬಿಡುವುದು. ಇಂತಹ ಒಡಲಿನ ಪ್ರಯಾಣಿಕ ವಿಮಾನವು, ಬೋಯಿಂಗ್ ಸಂಸ್ಥೆಯ ಸ್ಟ್ರಾಟೋಲೈನರ್, ಅಮೆರಿಕದಲ್ಲಿ ೧೯೪೦ರಲ್ಲಿ ಮೊದಲು ಸಂಚಾರಕ್ಕೆ ಬಂದಿತು. ಇಂದು ನಿಮ್ಮ ತಲೆಯ ಮೇಲೆ ಹಾರುವ ಪ್ರತಿಯೊಂದು ದೊಡ್ಡ ವಿಮಾನವೂ ಆ ವಂಶದ್ದು.

ಅನೇಕರು ತಿಳಿದಿರುವಂತೆ ಇದು ನೆಲದ ಗಾಳಿಯನ್ನು ಸೀಸೆಯಲ್ಲಿ ತುಂಬಿ ಬಿರಡೆ ಹಾಕಿಕೊಂಡು ಹೋಗುವ ಕೆಲಸವಲ್ಲ. ಹಾಗೆ ಮಾಡಿದ್ದರೆ ಇನ್ನೂರು ಜನರ ಉಸಿರಿನಿಂದ ಆ ಗಾಳಿ ಬೇಗನೆ ಕೆಟ್ಟುಹೋಗುತ್ತಿತ್ತು. ವಿಮಾನದ ಜೆಟ್ ಯಂತ್ರದ ಮುಂಭಾಗದಲ್ಲಿ ಹೊರಗಿನ ತೆಳುಗಾಳಿಯನ್ನು ಒತ್ತಿ ಒತ್ತಿ ದಟ್ಟಮಾಡುವ ಚಕ್ರಗಳ ಸಾಲು ಇರುತ್ತದೆ. ಉರಿಯುವ ಕೋಣೆಗೆ ಹೋಗುವ ಮೊದಲೇ ಆ ಗಾಳಿಯ ಒಂದಂಶವನ್ನು ಕೊಳವೆಯಿಂದ ತಿರುಗಿಸಿಕೊಳ್ಳುತ್ತಾರೆ. ಒತ್ತಿದ ಗಾಳಿ ಬಿಸಿಯಾಗುತ್ತದೆ. ಸೈಕಲ್ಲಿಗೆ ಗಾಳಿ ತುಂಬಿದವರಿಗೆ ಪಂಪಿನ ಬಿಸಿ ಗೊತ್ತು. ಇಲ್ಲಿ ಆ ಬಿಸಿ ಇನ್ನೂರು ಡಿಗ್ರಿಯನ್ನೂ ಮೀರಬಹುದಾದ್ದರಿಂದ ಅದನ್ನು ತಣಿಸಿ ಒಳಗೆ ಬಿಡುತ್ತಾರೆ. ಹೊಸ ಬಗೆಯ ಬೋಯಿಂಗ್ ೭೮೭ರಲ್ಲಿ ಮಾತ್ರ ಈ ಕೆಲಸಕ್ಕೆ ಬೇರೆಯೇ ಆದ ವಿದ್ಯುತ್ ಪಂಪುಗಳಿವೆ. ಹೀಗೆ ಗಾಳಿಯು ಒಂದು ಕಡೆಯಿಂದ ನಿರಂತರವಾಗಿ ಒಳಕ್ಕೆ ಬರುತ್ತಿರುತ್ತದೆ. ಬಾಲದ ಕಡೆಯಲ್ಲಿರುವ ಒಂದು ಕವಾಟದ ಮೂಲಕ ನಿರಂತರವಾಗಿ ಹೊರಕ್ಕೆ ಹೋಗುತ್ತಿರುತ್ತದೆ. ಆ ಕವಾಟವನ್ನು ಕಿರಿದು ಮಾಡಿದರೆ ಒಳಗಿನ ಒತ್ತಡ ಏರುತ್ತದೆ, ಹಿರಿದು ಮಾಡಿದರೆ ಇಳಿಯುತ್ತದೆ. ನಮ್ಮ ಮನೆಯ ಕುಕ್ಕರಿನ ಮೇಲಿನ ಗುಂಡು ಇದೇ ಕೆಲಸವನ್ನು ಮಾಡುತ್ತದೆ: ಒಳಗೆ ಉಗಿ ಹುಟ್ಟುವುದನ್ನು ಅದು ತಡೆಯುವುದಿಲ್ಲ, ಹೊರಗೆ ಹೋಗುವುದನ್ನು ಅಂಕೆಯಲ್ಲಿಡುತ್ತದೆ.

ಕುಕ್ಕರಿನ ಮಾತು ಬಂದುದರಿಂದ ವಿಮಾನದ ಬಾಗಿಲನ್ನೂ ಹೇಳಿಬಿಡೋಣ. ಕೆಲವು ಕುಕ್ಕರುಗಳ ಮುಚ್ಚಳವನ್ನು ಓರೆಮಾಡಿ ಒಳಕ್ಕೆ ಇಳಿಸಿ, ಒಳಗಿನಿಂದ ಬಾಯಿಗೆ ಒತ್ತುವಂತೆ ಕೂರಿಸುತ್ತಾರೆ. ಉಗಿ ಏರಿದಷ್ಟೂ ಮುಚ್ಚಳ ಬಿಗಿಯುತ್ತದೆ. ಎಷ್ಟು ಬಲಶಾಲಿಯಾದರೂ ಆಗ ತೆರೆಯಲಾರನು. ಅನೇಕ ವಿಮಾನಗಳ ಬಾಗಿಲು ಇದೇ ಬಗೆಯದು. ಅದು ತನ್ನ ಚೌಕಟ್ಟಿಗಿಂತ ದೊಡ್ಡದು, ಒಳಗಿನಿಂದ ಚೌಕಟ್ಟಿಗೆ ಒತ್ತಿಕೊಂಡು ನಿಲ್ಲುತ್ತದೆ. ಎಷ್ಟು ಬಲವಾಗಿ ಒತ್ತುತ್ತದೆಂಬುದನ್ನು ನೋಡಿ. ಒಳಗೆ ೫೬೫ ಮಿಲಿಮೀಟರು, ಹೊರಗೆ ೧೭೦. ಭೇದವು ಒಂದು ಚದರ ಸೆಂಟಿಮೀಟರಿಗೆ ಅರ್ಧ ಕಿಲೋಗ್ರಾಮಿಗಿಂತ ತುಸು ಹೆಚ್ಚಾಗುತ್ತದೆ. ಒಂದು ಮೀಟರು ಅಗಲ, ೧೮೦ ಸೆಂಟಿಮೀಟರು ಎತ್ತರದ ಬಾಗಿಲಿನ ಮೇಲೆ ಅದು ಒಂಬತ್ತು ಟನ್ನಿಗೂ ಮಿಗಿಲು, ಎಂದರೆ ಮೈಸೂರು ದಸರೆಯ ಎರಡು ಆನೆಗಳ ಭಾರ. ಹಾರಾಟದ ನಡುವೆ ಯಾರಾದರೂ ಇಂತಹ ಬಾಗಿಲನ್ನು ಎಳೆದು ತೆರೆದುಬಿಟ್ಟಾರು ಎಂದು ಅಷ್ಟು ಎತ್ತರದಲ್ಲಿ ಹೆದರಬೇಕಾದುದಿಲ್ಲ. ಕಿಟಕಿಯನ್ನು ತೆರೆಯಗೊಡದಿರುವ ಕಾರಣವೂ ಇದರಿಂದ ತಿಳಿಯಿತು: ಪುಸ್ತಕದ ಹಾಳೆಗಿಂತ ತುಸು ದೊಡ್ಡದಾದ ಆ ಕಿಟಕಿಯ ಮೇಲೆಯೇ ನಾಲ್ಕು ಕ್ವಿಂಟಲಿಗೂ ಮಿಕ್ಕ ಒತ್ತಡವಿರುತ್ತದೆ.

ಒಳಗೆ ೫೬೫ ಎಂದೆವು. ಅದೇಕೆ, ಮುಂಬಯಿಯ ೭೬೦ನ್ನೇ ಒಳಗೆ ಇಟ್ಟರಾಗದೆ? ಇಡಬಹುದು. ಆದರೆ ಒಡಲಿನ ತಗಡಿನ ಮೇಲೆ ಬೀಳುವ ಒತ್ತಡವು ಆಗ ಅರ್ಧದಷ್ಟು ಹೆಚ್ಚುತ್ತದೆ. ಅದನ್ನು ತಾಳಲು ತಗಡು ದಪ್ಪವಾಗಬೇಕು, ದಪ್ಪವಾದರೆ ಭಾರ, ಭಾರವಾದರೆ ಹೆಚ್ಚು ಇಂಧನ. ಆದುದರಿಂದ ಆರೋಗ್ಯವಂತರಿಗೆ ತೊಂದರೆಯಾಗದಷ್ಟು ಒಂದು ನಡುದಾರಿಯನ್ನು ಹಿಡಿದಿದ್ದಾರೆ. ವಿಮಾನವು ಎಷ್ಟೇ ಮೇಲಿದ್ದರೂ ಸಾಧಾರಣ ಸಂಚಾರದಲ್ಲಿ ಒಳಗಿನ ಒತ್ತಡವು ೮,೦೦೦ ಅಡಿಯ, ಎಂದರೆ ಸುಮಾರು ೨,೪೦೦ ಮೀಟರಿನ, ಬೆಟ್ಟದ ಮೇಲಿನ ಒತ್ತಡಕ್ಕಿಂತ ಕಡಿಮೆಯಾಗಕೂಡದೆಂಬುದು ನಿಯಮ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿ ೧,೯೩೦ ಮೀಟರು; ನೀಲಗಿರಿಯ ದೊಡ್ಡಬೆಟ್ಟ ೨,೬೩೭. ವಿಮಾನದಲ್ಲಿ ಕುಳಿತವನು ಈ ಎರಡರ ನಡುವೆ ಎಲ್ಲಿಯೋ ಕುಳಿತಂತಾಯಿತು. ದೂರ ಪ್ರಯಾಣ ಮಾಡಿದವರು ದಣಿದು, ತಲೆ ಭಾರವಾಗಿದೆಯೆನ್ನುವುದಕ್ಕೆ ಇದೂ ಒಂದು ಕಾರಣ. ಎದೆಯ ಅಥವಾ ಶ್ವಾಸಕೋಶದ ಬೇನೆ ಇರುವ ಹಿರಿಯರು ಹೊರಡುವ ಮುನ್ನ ವೈದ್ಯರನ್ನು ಕೇಳುವುದು ಒಳ್ಳೆಯದೆಂಬುದೂ ಇದಕ್ಕಾಗಿಯೇ. ಬೋಯಿಂಗ್ ೭೮೭ರಂತಹ ಹೊಸ ವಿಮಾನಗಳಲ್ಲಿ ಇದನ್ನು ೬,೦೦೦ ಅಡಿಗೆ ಇಳಿಸಿದ್ದಾರೆ.

ಈ ಏರಿಳಿತವನ್ನು ಮೊದಲು ತಿಳಿಯುವುದು ಕಿವಿ. ಅದಕ್ಕೆ ವಿಮಾನವೇ ಬೇಕೆಂದಿಲ್ಲ. ರಜೆಯಲ್ಲಿ ಊರಿಗೆ ಹೋಗುವಾಗ ಚಾರ್ಮಾಡಿಯ ಅಥವಾ ಶಿರಾಡಿಯ ಘಟ್ಟದಲ್ಲಿ ಬಸ್ಸು ಇಳಿಯುತ್ತಿದ್ದಂತೆ ಕಿವಿ ಗವ್ವೆನ್ನುವುದು ನಿಮಗೆಲ್ಲ ಅನುಭವವೇ. ಕಿವಿಯ ತಮಟೆಯ ಹಿಂದಿನ ಗೂಡಿನಿಂದ ಗಂಟಲಿಗೆ ಒಂದು ಕಿರುನಾಳವಿದೆ. ಏರುವಾಗ ಗೂಡಿನ ಗಾಳಿ ಅದರ ಮೂಲಕ ಸುಲಭವಾಗಿ ಹೊರಗೆ ಬರುತ್ತದೆ. ಇಳಿಯುವಾಗ ಒಳಕ್ಕೆ ಹೋಗುವುದು ಕಷ್ಟ. ಉಗುಳು ನುಂಗಿದರೆ, ಆಕಳಿಸಿದರೆ ನಾಳ ತೆರೆಯುತ್ತದೆ. ಇಳಿಯುವ ಹೊತ್ತಿನಲ್ಲಿ ಕೂಸುಗಳು ಅತ್ತರೆ ಅಕ್ಕಪಕ್ಕದವರು ಮುಖ ಸಿಂಡರಿಸಬಾರದು. ಅಳುವುದೇ ಅವುಗಳಿಗೆ ಔಷಧ.

ಒತ್ತಡದ ಒಡಲು ಒಂದು ಕಷ್ಟವನ್ನು ಕಳೆದು ಇನ್ನೊಂದನ್ನು ತಂದಿತು. ವಿಮಾನವು ಪ್ರತಿ ಸಾರಿ ಏರಿದಾಗ ಅದರ ಒಡಲು ಬೆಲೂನಿನಂತೆ ಕಣ್ಣಿಗೆ ಕಾಣದಷ್ಟು ಉಬ್ಬುತ್ತದೆ; ಇಳಿದಾಗ ಕುಗ್ಗುತ್ತದೆ. ಒಂದು ತಂತಿಯನ್ನು ಒಮ್ಮೆ ಬಾಗಿಸಿದರೆ ಮುರಿಯದು, ಐವತ್ತು ಸಲ ಹಿಂದಕ್ಕೂ ಮುಂದಕ್ಕೂ ಬಾಗಿಸಿದರೆ ಮುರಿಯುತ್ತದೆ. ಲೋಹಕ್ಕೂ ದಣಿವುಂಟು. ಇದರ ಬೆಲೆಯನ್ನು ಕಾಮೆಟ್ ಎಂಬ ವಿಮಾನವು ತೆತ್ತಿತು. ಬ್ರಿಟನ್ನಿನಲ್ಲಿ ತಯಾರಾದ ಕಾಮೆಟ್, ೧೯೫೨ರ ಮೇ ೨ರಂದು ಪ್ರಯಾಣಿಕರ ಸೇವೆಗೆ ಇಳಿದ ಪ್ರಪಂಚದ ಮೊತ್ತಮೊದಲ ಜೆಟ್ ವಿಮಾನ. ೧೯೫೪ರ ಜನವರಿ ೧೦ರಂದು, ಸಿಂಗಪುರದಿಂದ ಲಂಡನ್ನಿಗೆ ಹೋಗುತ್ತಿದ್ದ ಒಂದು ಕಾಮೆಟ್ ರೋಮಿನಿಂದ ಎದ್ದು ಎಲ್ಬಾ ದ್ವೀಪದ ಬಳಿ ಆಕಾಶದಲ್ಲಿಯೇ ಒಡೆದು ಸಮುದ್ರಕ್ಕೆ ಬಿದ್ದಿತು. ೩೫ ಮಂದಿ ಮಡಿದರು. ಕೆಲಕಾಲ ನಿಲ್ಲಿಸಿದ್ದ ಸಂಚಾರವನ್ನು ಮತ್ತೆ ಆರಂಭಿಸಿದ ಕೆಲವೇ ದಿನಗಳಲ್ಲಿ, ಏಪ್ರಿಲ್ ೮ರಂದು, ಇನ್ನೊಂದು ಕಾಮೆಟ್ ನೇಪಲ್ಸಿನ ಬಳಿ ೨೧ ಮಂದಿಯೊಡನೆ ಹಾಗೆಯೇ ನಾಶವಾಯಿತು.

ಸಮುದ್ರದ ತಳದಿಂದ ಚೂರುಗಳನ್ನು ಎತ್ತಿ ತಂದು ಕೂಡಿಸಿದರು. ಫಾರ್ನ್‌ಬರೋವಿನ ಸಂಶೋಧನಾಲಯದಲ್ಲಿ ಇನ್ನೊಂದು ಕಾಮೆಟ್ಟಿನ ಒಡಲನ್ನು ದೊಡ್ಡ ತೊಟ್ಟಿಯಲ್ಲಿ ಮುಳುಗಿಸಿ, ಒಳಗೆ ನೀರನ್ನು ಒತ್ತಿ ತುಂಬಿ, ಮತ್ತೆ ಸಡಿಲಿಸಿ, ಹಾರಾಟದ ಏರಿಳಿತಗಳನ್ನು ಹಗಲಿರುಳೂ ಅನುಕರಿಸಿದರು. ಗಾಳಿಯನ್ನು ಬಿಟ್ಟು ನೀರನ್ನು ತುಂಬಿದುದರಲ್ಲಿ ಒಂದು ಜಾಣತನವಿದೆ: ಒತ್ತಿದ ಗಾಳಿ ಸಿಡಿದು ಎಲ್ಲವನ್ನೂ ಚೂರುಮಾಡುತ್ತದೆ, ನೀರು ಹೆಚ್ಚು ಅಡಕವಾಗದ ವಸ್ತುವಾದುದರಿಂದ ಸೀಳಿದ ಕೂಡಲೇ ಒತ್ತಡ ಇಳಿದು, ಬಿರುಕು ಎಲ್ಲಿ ಹುಟ್ಟಿತೆಂಬುದು ಹಾಗೆಯೇ ಕಾಣುತ್ತದೆ. ಮೊದಲು ನಿಜವಾಗಿ ಹಾರಿದ ೧,೨೨೧ ಸಲವೂ, ತೊಟ್ಟಿಯಲ್ಲಿ ೧,೮೩೬ ಸಲವೂ ಸೇರಿ, ೩,೦೫೭ನೆಯ ಸಲಕ್ಕೆ ಆ ಒಡಲು ಒಂದು ಕಿಂಡಿಯ ಮೂಲೆಯಿಂದ ಸೀಳಿತು. ಚೌಕ ಕಿಟಕಿಗಳೇ ಕಾಮೆಟ್ಟನ್ನು ಕೆಡವಿದುವೆಂದು ಜನ ಹೇಳುವುದುಂಟು. ಅದು ಪೂರ್ತಿ ನಿಜವಲ್ಲ. ಎಲ್ಬಾದ ವಿಮಾನದಲ್ಲಿ ಬಿರುಕು ಹುಟ್ಟಿದುದು ರೇಡಿಯೋ ಉಪಕರಣಕ್ಕಾಗಿ ಛಾವಣಿಯಲ್ಲಿ ಕತ್ತರಿಸಿದ್ದ ಕಿಂಡಿಯ ಮೂಲೆಯಲ್ಲಿ. ಮೂಲೆಯಲ್ಲಿ ಎಳೆತವು ಗುಂಪುಗೂಡುತ್ತದೆ ಎಂಬ ತತ್ವ ಮಾತ್ರ ಎರಡು ಕಡೆಗೂ ಒಂದೇ. ಅಂದಿನಿಂದ ವಿಮಾನದ ವಯಸ್ಸನ್ನು ವರ್ಷಗಳಿಂದ ಮಾತ್ರವಲ್ಲದೆ, ಎಷ್ಟು ಸಲ ಏರಿ ಇಳಿಯಿತೆಂಬುದರಿಂದಲೂ ಎಣಿಸುತ್ತಾರೆ.

ಯಂತ್ರ ಸರಿಯಾಗಿದ್ದರೂ ಮನುಷ್ಯನು ಮರೆತರೆ? ೨೦೧೮ರ ಸೆಪ್ಟೆಂಬರ್ ೨೦ರಂದು ನಮ್ಮ ಮುಂಬಯಿಯಿಂದ ಜೈಪುರಕ್ಕೆ ೧೬೬ ಪ್ರಯಾಣಿಕರೊಡನೆ ಹೊರಟ ವಿಮಾನವೊಂದರಲ್ಲಿ, ಯಂತ್ರದಿಂದ ಒಡಲಿಗೆ ಗಾಳಿ ಬಿಡುವ ಗುಂಡಿಯನ್ನು ಒತ್ತಿರಲಿಲ್ಲ. ವಿಮಾನ ಏರಿದಂತೆ ಒಳಗಿನ ಒತ್ತಡ ಇಳಿಯುತ್ತ ಹೋಗಿ, ಮೂವತ್ತರಷ್ಟು ಜನರ ಮೂಗು ಕಿವಿಗಳಲ್ಲಿ ರಕ್ತ ಬಂದಿತು; ಮುಖವಾಡಗಳು ತಾವಾಗಿ ಕೆಳಗೆ ಬಿದ್ದುವು. ವಿಮಾನವು ಮುಂಬಯಿಗೇ ಹಿಂದಿರುಗಿತು, ಎಲ್ಲರೂ ಉಳಿದರು.

ಸೈಪ್ರಸ್ಸಿನ ಲಾರ್ನಾಕಾದಿಂದ ೨೦೦೫ರ ಆಗಸ್ಟ್ ೧೪ರಂದು ಅಥೆನ್ಸಿನ ಕಡೆಗೆ ಹೊರಟ ವಿಮಾನದ ಕತೆ ಬೇರೆಯಾಯಿತು. ಒತ್ತಡವನ್ನು ತಾನಾಗಿಯೇ ನೋಡಿಕೊಳ್ಳುವಂತೆ ಇರಬೇಕಾದ ಗುಂಡಿಯನ್ನು ಪರೀಕ್ಷೆಗಾಗಿ ಬದಲಿಸಿದವರು ಮತ್ತೆ ಸರಿಪಡಿಸಿರಲಿಲ್ಲ. ಚಾಲಕರೂ ಅದನ್ನು ಗಮನಿಸಲಿಲ್ಲ. ಎಚ್ಚರಿಕೆಯ ಕೊಂಬು ಕೂಗಿತು. ನೆಲದ ಮೇಲೆ ಬೇರೊಂದು ದೋಷಕ್ಕೆ ಕೂಗುವ ಧ್ವನಿಯೂ ಅದೇ ಆದುದರಿಂದ ಅವರು ಅದನ್ನು ತಪ್ಪಾಗಿ ತಿಳಿದರು. ತಿಳಿದುಕೊಳ್ಳಲು ಬೇಕಾದ ಬುದ್ಧಿಯು ನಿಮಿಷ ನಿಮಿಷಕ್ಕೂ ಆರುತ್ತಿತ್ತು. ಮುಖವಾಡ ತೊಡುವ ಮೊದಲೇ ಅವರು ಎಚ್ಚರ ತಪ್ಪಿದರು. ವಿಮಾನವು ಸ್ವಯಂಚಾಲಕದ ಆಜ್ಞೆಯಂತೆ ಅಥೆನ್ಸಿನವರೆಗೆ ಹೋಗಿ, ಮೇಲೆಯೇ ಸುತ್ತು ಹಾಕಿ, ಇಂಧನ ತೀರಿದ ಬಳಿಕ ಬೆಟ್ಟದ ಮೇಲೆ ಬಿದ್ದಿತು. ೧೨೧ ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಜೆನಿತ್ ಬೆಲೂನಿನ ಮೂವರನ್ನು ವಂಚಿಸಿದ ಶತ್ರುವೇ ನೂರ ಮೂವತ್ತು ವರ್ಷಗಳ ತರುವಾಯ ಇವರನ್ನೂ ವಂಚಿಸಿತು.

ಇದನ್ನು ತಿಳಿದ ಮೇಲೆ, ವಿಮಾನ ಹೊರಡುವ ಮುನ್ನ ಪರಿಚಾರಿಕೆ ಹೇಳುವ ಮಾತನ್ನು ಕೇಳಿ. ಮುಖವಾಡವು ಮೇಲಿನಿಂದ ಬಿದ್ದಾಗ ಮೊದಲು ನೀವು ಧರಿಸಿ, ಅನಂತರ ಇತರರಿಗೆ ನೆರವಾಗಿ ಎಂದು ಆಕೆ ಹೇಳುತ್ತಾಳೆ. ನಮ್ಮ ಮನೆಗಳಲ್ಲಿ ತಾಯಿಯು ಮಗುವಿಗೆ ಉಣಿಸದೆ ತಾನು ಉಣ್ಣುವುದಿಲ್ಲ. ಆದುದರಿಂದ ಈ ಮಾತು ನಮ್ಮ ಹೆಂಗಸರ ಕಿವಿಗೆ ಕಠಿಣವಾಗಿ ಕೇಳಿಸುತ್ತದೆ. ಆದರೆ ಲೆಕ್ಕವನ್ನು ನೆನೆಯಿರಿ. ಕೈಯಲ್ಲಿರುವುದು ಅರ್ಧ ನಿಮಿಷ. ಮಗು ಗಾಬರಿಯಿಂದ ತಲೆಯಾಡಿಸುವಾಗ ಅದರ ಮುಖಕ್ಕೆ ಮುಖವಾಡ ಕಟ್ಟಲು ಹೋಗಿ ಆ ಅರ್ಧ ನಿಮಿಷ ಕಳೆದರೆ, ತಾಯಿಯ ಕೈ ನಡುವೆಯೇ ನಿಲ್ಲುತ್ತದೆ. ಆಗ ಇಬ್ಬರಿಗೂ ಇಲ್ಲ. ತಾಯಿ ಐದು ಸೆಕೆಂಡಿನಲ್ಲಿ ತಾನು ಧರಿಸಿದರೆ, ಮಗು ಎಚ್ಚರ ತಪ್ಪಿದ್ದರೂ ಅದಕ್ಕೆ ಕಟ್ಟಬಲ್ಲಳು. ಉಸಿರು ಸಿಕ್ಕ ಮಗು ಮತ್ತೆ ಕಣ್ಣು ತೆರೆಯುತ್ತದೆ. ಮುಂದಿನ ಬೇಸಗೆಯಲ್ಲಿ ಮಂಗಳೂರಿಗೋ ಹುಬ್ಬಳ್ಳಿಗೋ ವಿಮಾನದಲ್ಲಿ ಹೋಗುವವರು ಇದ್ದರೆ, ಹೊರಡುವ ಮೊದಲೇ ಮನೆಯಲ್ಲಿ ತಾಯಿಗೂ ಅಜ್ಜಿಗೂ ಇದನ್ನು ನಮ್ಮ ಮಾತಿನಲ್ಲಿಯೇ ವಿವರಿಸಿ ಹೇಳಿ. ವಿಮಾನದಲ್ಲಿ ಅದನ್ನು ಹೇಳುವುದು ಸಾಧಾರಣವಾಗಿ ಹಿಂದಿ ಇಂಗ್ಲಿಷುಗಳಲ್ಲಿ.

ಮುಖವಾಡವನ್ನು ಮುಖದ ಕಡೆಗೆ ಬಲವಾಗಿ ಎಳೆಯಬೇಕು. ಬಹುಪಾಲು ವಿಮಾನಗಳಲ್ಲಿ ಆ ಎಳೆತದಿಂದಲೇ ತಲೆಯ ಮೇಲಿನ ಪೆಟ್ಟಿಗೆಯೊಳಗಿನ ರಾಸಾಯನಿಕವು ಕಾದು ಆಮ್ಲಜನಕವನ್ನು ಬಿಡತೊಡಗುತ್ತದೆ. ಅದು ಹನ್ನೆರಡು ಹದಿನೈದು ನಿಮಿಷಗಳಿಗೆ ಸಾಕಾಗುವಷ್ಟು ಮಾತ್ರ ಇರುತ್ತದೆ. ಅಷ್ಟರೊಳಗೆ ಚಾಲಕನು ವಿಮಾನವನ್ನು ೧೦,೦೦೦ ಅಡಿಯ ಸುಮಾರಿಗೆ, ಬರಿಯ ಗಾಳಿಯನ್ನೇ ಉಸಿರಾಡಬಹುದಾದ ಎತ್ತರಕ್ಕೆ, ವೇಗವಾಗಿ ಇಳಿಸುತ್ತಾನೆ. ಹಾಗೆ ಇಳಿಯುವಾಗ ಬೀಳುತ್ತಿದ್ದೇವೆಂದು ಭಾವಿಸಬಾರದು. ಪೆಟ್ಟಿಗೆ ಕಾಯುವುದರಿಂದ ಏನೋ ಸುಟ್ಟಂತಹ ವಾಸನೆ ಬರುವುದುಂಟು. ಮುಖವಾಡದ ಚೀಲ ಉಬ್ಬದಿದ್ದರೆ ಆಮ್ಲಜನಕ ಬರುತ್ತಿಲ್ಲವೆಂದು ತೆಗೆದುಬಿಡುವವರಿದ್ದಾರೆ. ಚೀಲ ಉಬ್ಬದಿದ್ದರೂ ಅದು ಬರುತ್ತಿರುತ್ತದೆ.